ನೀಲಿ ಬೋಟಿನ ಜೆಲ್ ಕೋಟ್‌ಗೆ ಮತ್ತೆ ಹೊಳಪು: ಒಂಬತ್ತು ದಿನದ ಕೆಲಸ, ಆದ ತಪ್ಪುಗಳ ಸಮೇತ

ಕೆಲಸ ಮುಗಿದು ಹತ್ತು ವಾರ ಆಯ್ತು. ಆಗ ದಿನಾ ಸಂಜೆ ನೋಟ್ ಬುಕ್ಕಲ್ಲಿ ಗೀಚಿಟ್ಟಿದ್ದನ್ನ ಈಗ ಒಂದು ಕಡೆ ಸೇರಿಸಿ ಬರೀತಿದೀನಿ. ಆವಾಗ್ಲೇ ಬರೀಬಹುದಿತ್ತು, ಆದ್ರೆ ಹೊಳಪು ನಿಲ್ಲುತ್ತಾ ಇಲ್ವಾ ಅಂತ ನೋಡದೆ ಬರೆಯೋದು ಸರಿಯಲ್ಲ ಅನ್ನಿಸ್ತು, ಯಾಕಂದ್ರೆ ಹೋದ ವರ್ಷ ಇದೇ ಬೋಟನ್ನ ತೊಳೆದು ಒರೆಸಿ ನೇರವಾಗಿ ವ್ಯಾಕ್ಸ್ ಹಾಕಿದ್ದೆ, ಅವತ್ತು ಸಂಜೆ ನೋಡೋಕೆ ಹೊಸದರ ಹಾಗೇ ಇತ್ತು, ಮೂರು ವಾರಕ್ಕೆ ಮತ್ತೆ ಸುಣ್ಣದ ನೀರು ಬಳಿದ ಹಾಗೆ ಆಯ್ತು, ಅದೂ ಒಂದೇ ಸಮ ಅಲ್ಲ, ಪಟ್ಟೆ ಪಟ್ಟೆಯಾಗಿ.

ಬೋಟು 18 ಅಡಿ, ಫೈಬರ್, 14 ವರ್ಷ ಹಳೇದು. ಜೆಲ್ ಕೋಟ್ ಅಂದ್ರೆ ಫೈಬರ್ ಮೇಲೆ ಇರೋ ಬಣ್ಣದ ರೆಸಿನ್ ಪದರ. ಪಕ್ಕದ ಮೈ ಕಡು ನೀಲಿ, ಡೆಕ್ಕು ಮತ್ತೆ ಒಳಗಡೆ ಎಲ್ಲ ಬಿಳಿ. ನೀರಲ್ಲೇ ಕಟ್ಟಿ ಇಡಲ್ಲ, ಟ್ರೇಲರ್ ಮೇಲೆ ಇರುತ್ತೆ. ಬಿಳಿ ಭಾಗ ಎಷ್ಟು ಮಂಕಾಗಿದೆ ಅಂತ ಹತ್ತಿರ ಹೋದ್ರೇನೇ ಗೊತ್ತಾಗೋದು, ನೀಲಿ ಹಂಗಲ್ಲ, ದೂರದಿಂದ್ಲೇ ಕಾಣ್ತಿತ್ತು. ಬೆರಳಲ್ಲಿ ಉಜ್ಜಿದ್ರೆ ತಿಳಿನೀಲಿ ಪುಡಿ ಅಂಟ್ಕೊಳ್ತಿತ್ತು. ಬಿಸಿಲಿಗೆ ಮೇಲಿನ ಪದರದ ರೆಸಿನ್ ಸತ್ತು ಬಣ್ಣ ಸಡಿಲ ಆಗಿರೋ ಪುಡಿ ಅದು. ಹೋದ ವರ್ಷ ನಾನು ವ್ಯಾಕ್ಸ್ ಹಾಕಿದ್ದು ಈ ಪುಡಿ ಮೇಲೆ. ಗಟ್ಟಿ ಮೈ ಅದರ ಕೆಳಗಿತ್ತು, ಅಲ್ಲಿಗೆ ನಾನು ಹೋಗೇ ಇರಲಿಲ್ಲ. ಈ ಸಲ ಮಾಡಿದ್ದೆಲ್ಲ ಅಷ್ಟೇ, ಆ ಗಟ್ಟಿ ಮೈ ಸಿಗೋವರೆಗೂ ಇಳಿದು, ಅದನ್ನ ನುಣುಪು ಮಾಡಿ, ಆಮೇಲೆ ವ್ಯಾಕ್ಸ್.

1ನೇ ದಿನ (4 ಗಂಟೆ): ತೊಳೆಯೋದು, ಹಳೇ ವ್ಯಾಕ್ಸ್ ತೆಗೆಯೋದು

ಬೋಟನ್ನ ನೆರಳಿಗೆ ತಂದು ಶಾಂಪೂ ನೀರಲ್ಲಿ ಎರಡು ಸಲ ತೊಳೆದ್ವಿ. ಜೊತೆಗೆ ನನ್ನ ಹೆಂಡತಿ ತಮ್ಮ ಇದ್ದ, ಒಂಬತ್ತು ದಿನದಲ್ಲಿ ಆರು ದಿನ ಬಂದ. ಒಬ್ಬನೇ ಮಾಡಿದ್ರೆ ಇದು ಒಂಬತ್ತು ದಿನಕ್ಕೆ ಮುಗಿಯೋ ಕೆಲಸ ಅಲ್ಲ.

ನೀರು ಮುಟ್ಟೋ ಗೆರೆ ಹತ್ರ ಕಂದು ಹಳದಿ ಕಲೆ ಇತ್ತು, ಎರಡು ಸ್ಟೀಲ್ ಬೋಲ್ಟ್ ಕೆಳಗೆ ತುಕ್ಕು ಸೋರಿದ ಗೆರೆ. ಇವನ್ನ ಉಜ್ಜಿ ತೆಗೆಯೋಕೆ ಹೋಗಬೇಡಿ, ಸುಮ್ನೆ ಜೆಲ್ ಕೋಟ್ ಸವೆಯುತ್ತೆ. ಆಕ್ಸಾಲಿಕ್ ಆಸಿಡ್ ಪುಡಿ 50 ಗ್ರಾಂ, ಒಂದು ಲೀಟರ್ ಉಗುರುಬೆಚ್ಚಗಿನ ನೀರು, ಸ್ಪಂಜಲ್ಲಿ ಹಚ್ಚಿ ಹತ್ತು ನಿಮಿಷ ಬಿಟ್ಟೆ, ಕಲೆ ತಾನಾಗೇ ಕರಗಿ ಹೋಯ್ತು. ತುಕ್ಕಿನ ಗೆರೆಗೆ ಮಾತ್ರ ಎರಡನೇ ಸಲ ಹಚ್ಚಬೇಕಾಯ್ತು. ಕೈಗವಸು, ಕನ್ನಡಕ ಹಾಕ್ಕೊಳ್ಳಿ, ವಿಷದ ಪುಡಿ ಅದು. ಟ್ರೇಲರ್ ಮೇಲೆ ಹನಿ ಬಿದ್ರೂ ಕಚ್ಚದ ಹಾಗೆ ಮೊದ್ಲೇ ನೀರು ಹೊಡೆದು ನೆನೆಸಿಟ್ಟು, ಆಮೇಲೂ ಚೆನ್ನಾಗಿ ತೊಳೆದ್ವಿ. ಜಿಂಕ್ ಲೇಪಕ್ಕೆ ಆಸಿಡ್ ಆಗಲ್ಲ.

ಒಣಗಿದ ಮೇಲೆ ಅಸಿಟೋನ್. ಬಿಳಿ ಹತ್ತಿ ಬಟ್ಟೆಗೆ ಸ್ವಲ್ಪ ಹಾಕ್ಕೊಂಡು ಒಂದೇ ದಿಕ್ಕಿಗೆ ಒರೆಸೋದು, ಬಟ್ಟೆ ಮಡಿಕೆ ಬದಲಾಯಿಸ್ತಾ ಇರೋದು. ಅದೇ ಜಾಗದಲ್ಲಿ ಹಿಂದೆ ಮುಂದೆ ಉಜ್ಜಿದ್ರೆ ಕರಗಿದ ವ್ಯಾಕ್ಸನ್ನ ಮತ್ತೆ ಅಲ್ಲೇ ಬಳಿದ ಹಾಗೆ. ಹಳೇ ವ್ಯಾಕ್ಸ್ ಹೋಗಿದೆಯಾ ಅಂತ ನೋಡೋಕೆ ನೀರು ಚಿಮುಕಿಸಿದೆ, ಹನಿಗಟ್ಟಿದ ಕಡೆ ಇನ್ನೂ ವ್ಯಾಕ್ಸ್ ಇದೆ, ಹಾಳೆ ಥರ ಹರಡಿದ ಕಡೆ ಹೋಗಿದೆ. ಮುಂದಿನ ಅಕ್ರಿಲಿಕ್ ಗಾಜಿಗೆ ಅಸಿಟೋನ್ ತಾಗಬಾರದು, ಬಿರುಕು ಬಿಟ್ಟು ಹಾಳಾಗುತ್ತೆ. ಅದನ್ನ ಮೊದಲೇ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟಿದ್ದೆ.

2ನೇ ದಿನ (3 ಗಂಟೆ): ಒಂದು ಚೌಕದಲ್ಲಿ ಪ್ರಯೋಗ

ನೀಲಿ ಭಾಗಕ್ಕೆ ಸುಣ್ಣದ ಕಡ್ಡಿಯಲ್ಲಿ ಗೆರೆ ಹಾಕಿ 60 ಸೆಂಟಿಮೀಟರ್ ಚೌಕಗಳಾಗಿ ಭಾಗ ಮಾಡ್ದೆ. ಒಂದು ಬದಿಗೆ 9, ಇನ್ನೊಂದಕ್ಕೆ 9, ಮೋಟಾರು ಕೂರೋ ಹಿಂಬದಿಗೆ 2. ಒಟ್ಟು 20. ಈ ಲೆಕ್ಕ ಕೊನೆವರೆಗೂ ಕೈ ಹಿಡೀತು, ಯಾವ ಚೌಕ ಯಾವ ಹಂತದಲ್ಲಿದೆ ಅಂತ ಪುಸ್ತಕದಲ್ಲಿ ಗುರುತು ಹಾಕ್ತಾ ಹೋದ್ವಿ.

ಪ್ರಯೋಗಕ್ಕೆ ಹಿಂಬದಿಯ ಮೂಲೆ ಚೌಕ ಆರಿಸ್ಕೊಂಡೆ, ಹಾಳಾದ್ರೂ ಅಷ್ಟು ಕಾಣಲ್ಲ ಅಂತ. ನಿಯಮ ಏನಂದ್ರೆ ಎಷ್ಟು ಮೆತ್ತಗಿನದ್ರಲ್ಲಿ ಕೆಲಸ ಆಗುತ್ತೋ ಅಲ್ಲಿಂದ ಶುರು ಮಾಡಬೇಕು. ಮೊದಲು ಬರೀ ಪಾಲಿಶ್, ಏನೂ ಆಗ್ಲಿಲ್ಲ. ಆಮೇಲೆ ಕಾಂಪೌಂಡ್, ಅಂದ್ರೆ ಪಾಲಿಶ್‌ಗಿಂತ ಒರಟಾಗಿ ಕಡಿಯೋ ಪೇಸ್ಟ್, ಡ್ರಿಲ್ ಮಶಿನ್‌ಗೆ ಉಣ್ಣೆ ಟೋಪಿ ಸಿಕ್ಕಿಸಿ ಹೊಡೆದೆ, ಅರ್ಧ ಗಂಟೆ ಹೋಯ್ತು, ತಲೆ ಅಲ್ಲಾಡುತ್ತೆ, ಒತ್ತಿದ್ರೆ ನಿಂತು ಹೋಗುತ್ತೆ, ಡ್ರಿಲ್ ಬಿಸಿಯಾಗಿ ವಾಸನೆ ಬಂತು. ಡ್ರಿಲ್ಲಲ್ಲಿ ಈ ಕೆಲಸ ಆಗಲ್ಲ. ಗೆಳೆಯನ ಹತ್ರ 7 ಇಂಚಿನ ರೋಟರಿ ಪಾಲಿಶರ್ ಇತ್ತು, ವೇಗ ಕಡಿಮೆ ಜಾಸ್ತಿ ಮಾಡೋಕೆ ಬರೋದು, ಅದನ್ನ ತಂದೆ. ಅದರಲ್ಲಿ ಕಾಂಪೌಂಡ್ ಹೊಡೆದಾಗ ಬಣ್ಣ ಸ್ವಲ್ಪ ಕಡು ಆಯ್ತು, ಆದ್ರೆ ಟ್ಯೂಬ್ ಲೈಟ್ ನೆರಳು ಅದರಲ್ಲಿ ಇನ್ನೂ ಮಸುಕು ಮಸುಕು. ಅಂದ್ರೆ ಪುಡಿ ಪದರ ಆಳವಾಗಿದೆ, ವಾಟರ್ ಪೇಪರ್ ಹೊಡೀಲೇಬೇಕು.

1000 ಗ್ರಿಟ್‌ನಲ್ಲಿ ಶುರು ಮಾಡಿದೆ (ಗ್ರಿಟ್ ಅಂದ್ರೆ ಪೇಪರಿನ ನಂಬರು, ಕಡಿಮೆ ಆದಷ್ಟೂ ಒರಟು), ಹತ್ತು ನಿಮಿಷ ಉಜ್ಜಿದ್ರೂ ಹಾಲಿನಂಥ ನೀರೇ ಬರ್ತಿತ್ತು. 800ಕ್ಕೆ ಇಳಿದೆ. ಸ್ವಲ್ಪ ಹೊತ್ತಿಗೆ ಬರೋ ನೀರಿನ ಬಣ್ಣ ಬದಲಾಯ್ತು, ತಿಳಿನೀಲಿ ಹೋಗಿ ಕಡು ನೀಲಿ. ಅದೇ ಗುರುತು, ಸತ್ತ ಪದರ ಮುಗಿದು ಗಟ್ಟಿ ಬಣ್ಣ ಸಿಕ್ಕಿದೆ ಅಂತ. ಅಲ್ಲಿಂದ 1000, 1500, ಕಾಂಪೌಂಡ್. ಈ ಸಲ ಟ್ಯೂಬ್ ಲೈಟಿನ ಅಂಚು ಗೆರೆ ಎಳೆದ ಹಾಗೆ ಕಂಡಿತು.

ಜೆಲ್ ಕೋಟ್ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು ದಪ್ಪ ಇರುತ್ತೆ, ಕಾರಿನ ಬಣ್ಣದ ಮೇಲಿರೋ ಕ್ಲಿಯರ್ ಕೋಟ್‌ಗೆ ಹೋಲಿಸಿದ್ರೆ ಹತ್ತು ಪಟ್ಟು. ಅದಕ್ಕೇ 800 ಹೊಡೆಯೋಕೆ ಧೈರ್ಯ ಬಂದಿದ್ದು. ಆದ್ರೆ ಆ ದಪ್ಪ ಎಲ್ಲ ಕಡೆ ಒಂದೇ ಸಮ ಇರಲ್ಲ ಅನ್ನೋದನ್ನ 5ನೇ ದಿನ ಕಲಿತೆ.

3ನೇ ದಿನ (6 ಗಂಟೆ): ಎಡ ಬದಿ ವಾಟರ್ ಪೇಪರ್

ಪೇಪರನ್ನ ಮುಂಚೆನೇ ಬಕೆಟ್ ನೀರಲ್ಲಿ ನೆನೆಸಿಟ್ಟಿದ್ವಿ, ನೀರಿಗೆ ನಾಲ್ಕು ಹನಿ ಶಾಂಪೂ, ಪೇಪರ್ ಜಾರೋಕೆ. ಬೆರಳಲ್ಲಿ ಹಿಡಿದು ಉಜ್ಜಬಾರದು, ಬೆರಳು ಬಿದ್ದ ಕಡೆ ಕಾಲುವೆ ಆಗುತ್ತೆ, ಮೆತ್ತಗಿನ ರಬ್ಬರ್ ಬ್ಲಾಕ್‌ಗೆ ಸುತ್ತಿ ಹಿಡೀಬೇಕು. ಪ್ರತಿ ಗ್ರಿಟ್‌ಗೂ ದಿಕ್ಕು ಬದಲಾಯಿಸಬೇಕು, 800 ಅಡ್ಡಡ್ಡ ಹೊಡೆದ್ರೆ 1000 ಉದ್ದುದ್ದ, ಆಗ ಹಿಂದಿನ ಗೀರು ಉಳಿದಿದೆಯಾ ಅಂತ ಕಣ್ಣಿಗೇ ಕಾಣುತ್ತೆ. ಗ್ರಿಟ್ ಬದಲಾಯಿಸುವಾಗ ಬಕೆಟ್ ನೀರೂ ಬದಲಾಯಿಸಬೇಕು, ಹಳೇ ನೀರಲ್ಲಿರೋ ಒಂದು ದಪ್ಪ ಕಣ ಸಾಕು, ಉದ್ದಕ್ಕೂ ಗೀರು ಎಳೆಯುತ್ತೆ.

ಇಷ್ಟೆಲ್ಲ ಗೊತ್ತಿದ್ದೂ ತಪ್ಪು ಮಾಡ್ದೆ. ಮಧ್ಯಾಹ್ನ ಆದ ಮೇಲೆ ತೋಳು ಸೋತು ಹೋಗಿತ್ತು, ಐದು ಚೌಕ ಸರಿಯಾಗಿ ಮಾಡಿದ್ವಿ, ಉಳಿದ ನಾಲ್ಕಕ್ಕೆ 1000 ಬಿಟ್ಟು 800ರಿಂದ ಸೀದಾ 1500ಕ್ಕೆ ಹೋದೆ. ನೀರು ಹಾಕಿದ್ರೆ ಮೈ ಫಳಫಳ ಅಂತಿತ್ತು. ಬಾಮೈದನೂ ನೋಡಿ, "ಭಾವ, ಇಲ್ಲೂ ಅಲ್ಲೂ ಏನೂ ವ್ಯತ್ಯಾಸ ಇಲ್ಲ, ಸಾಕು ಬಿಡಿ" ಅಂದ. ನನಗೂ ಬೇಕಾಗಿದ್ದು ಅದೇ ಮಾತು, ಬಿಟ್ಟೆ. ಒದ್ದೆ ಇರುವಾಗ ಯಾವ ಬೋಟೂ ಹೊಳೆಯುತ್ತೆ, ಗೀರಿನ ಒಳಗೆಲ್ಲ ನೀರು ತುಂಬ್ಕೊಂಡು ಮುಚ್ಚಿಬಿಟ್ಟಿರುತ್ತೆ. ಒಣಗಿಸಿ ನೋಡ್ಬೇಕಿತ್ತು.

4ನೇ ದಿನ (8 ಗಂಟೆ): ಹಿಂದಕ್ಕೆ ಹೋಗಿ ಸರಿ ಮಾಡಿದ್ದು, ಬಲ ಬದಿ, ಹಿಂಬದಿ

ಬೆಳಿಗ್ಗೆ ಟಾರ್ಚ್ ತಗೊಂಡು ಮೈಗೆ ಒರಗಿಸಿದ ಹಾಗೆ ಓರೆಯಾಗಿ ಬೆಳಕು ಬಿಟ್ಟೆ. ಐದು ಚೌಕ ಒಂದೇ ಸಮ ಮಬ್ಬು. ಆ ನಾಲ್ಕರಲ್ಲಿ ಮಬ್ಬಿನ ಮಧ್ಯೆ ಅಡ್ಡಡ್ಡ ಗೀರು, ಬಾಚಣಿಗೆ ಎಳೆದ ಹಾಗೆ. ಕಾಂಪೌಂಡಲ್ಲಿ ಹೋಗುತ್ತೇನೋ ಅಂತ ಒಂದರಲ್ಲಿ ಹೊಡೆದು ನೋಡಿದೆ, ಹೋದ ಹಾಗೆ ಕಂಡಿತು, ಸಮಾಧಾನ ಆಯ್ತು. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಅರ್ಧಕ್ಕರ್ಧ ನೀರು ಬೆರೆಸಿ ಒರೆಸಿದೆ, ಗೀರು ಅಲ್ಲೇ ಇದ್ವು. ಕಾಂಪೌಂಡಲ್ಲಿರೋ ಎಣ್ಣೆ ಗೀರಿಗೆ ತುಂಬಿ ಮರೆ ಮಾಡಿತ್ತು. ಇದೇ ಎಣ್ಣೆ ಎರಡು ಮೂರು ಸಲ ತೊಳೆದ ಮೇಲೆ ಹೋಗುತ್ತೆ, ಆವಾಗ ಜನ ವ್ಯಾಕ್ಸ್ ಸರಿ ಇಲ್ಲ ಅಂತ ಬೈತಾರೆ. ಅದಾದ ಮೇಲೆ ಪ್ರತಿ ಹಂತದಲ್ಲೂ ಆಲ್ಕೊಹಾಲ್ ಒರೆಸದೆ ಮುಂದಿನ ಹಂತಕ್ಕೆ ಹೋಗ್ಲಿಲ್ಲ.

ನಾಲ್ಕೂ ಚೌಕ 1000ದಿಂದ ಮತ್ತೆ. ಒಂದೂಕಾಲು ಗಂಟೆ ಹೆಚ್ಚಿಗೆ. ಅವತ್ತೇ 1000 ಹೊಡೆದಿದ್ರೆ ಅರ್ಧ ಗಂಟೆಯಲ್ಲಿ ಆಗ್ತಿತ್ತು.

ಬಲ ಬದಿಗೆ ಪೆನ್ಸಿಲ್ ಉಪಾಯ ಮಾಡಿದ್ವಿ. ಪ್ರತಿ ಗ್ರಿಟ್ ಮುಂಚೆ ಮೆತ್ತಗಿನ ಪೆನ್ಸಿಲ್ಲಲ್ಲಿ ಚೌಕದ ತುಂಬ ಅಡ್ಡಾದಿಡ್ಡಿ ಗೆರೆ ಎಳೆಯೋದು, ಗೆರೆ ಪೂರ್ತಿ ಅಳಿಸಿ ಹೋದ್ರೆ ಎಲ್ಲ ಕಡೆ ಪೇಪರ್ ತಾಗಿದೆ ಅಂತ ಅರ್ಥ, ಉಳಿದ ಕಡೆ ತಗ್ಗು ಇದೆ. ಇದು ಬಾಮೈದನಿಗೆ ತುಂಬ ಹಿಡಿಸ್ತು, ನನಗಿಂತ ಚೆನ್ನಾಗಿ ಅವನೇ ಮಾಡಿದ. ಬಲ ಬದಿ ಎಡಕ್ಕಿಂತ ಬೇಗ ಮುಗೀತು.

5ನೇ ದಿನ (6 ಗಂಟೆ): ಕಾಂಪೌಂಡ್, ಮತ್ತೆ ಏಣು ಸುಟ್ಟಿದ್ದು

ರಬ್ಬರ್ ಪಟ್ಟಿ, ಸ್ಟಿಕ್ಕರು, ಬಿಳಿ ಡೆಕ್ಕಿನ ಅಂಚು ಎಲ್ಲದಕ್ಕೂ ಮಾಸ್ಕಿಂಗ್ ಟೇಪ್. ಕಾಂಪೌಂಡ್ ರಸ ಬಿಳಿ ರಬ್ಬರಿಗೆ ಸಿಡಿದು ಒಣಗಿದ್ರೆ ಅದನ್ನ ತೆಗೆಯೋದೇ ಇನ್ನೊಂದು ಕೆಲಸ. ಟೇಪನ್ನ ಅವತ್ತೇ ಸಂಜೆ ಕಿತ್ತು ಬಿಡಿ. ನಾನು ಹಿಂಬದಿಯ ಟೇಪ್ ಮರೆತು ಎರಡು ದಿನ ಬಿಟ್ಟಿದ್ದೆ, ಗೋಂದು ಉಳ್ಕೊಂಡು ಟರ್ಪಂಟೈನ್ ಹಚ್ಚಿ ಬಿಡಿಸಬೇಕಾಯ್ತು.

ಮಶಿನ್ ವಿಧಾನ ಹೀಗೆ. ಒಂದು ಚೌಕಕ್ಕೆ ಕಡಲೆಕಾಯಿ ಗಾತ್ರದ ನಾಲ್ಕು ಬೊಟ್ಟು ಕಾಂಪೌಂಡ್. ಮಶಿನ್ ಆಫ್ ಇರುವಾಗ್ಲೇ ಪ್ಯಾಡಲ್ಲಿ ಅದನ್ನ ಚೌಕಕ್ಕೆಲ್ಲ ಸವರಿಬಿಡೋದು, ಆಮೇಲೆ 600 ಆರ್‌ಪಿಎಂನಲ್ಲಿ ಹರಡಿ, 1200ರಿಂದ 1400ಕ್ಕೆ ಏರಿಸಿ, ನಿಧಾನವಾಗಿ, ಒಂದು ಸಾಲಿನ ಅರ್ಧ ಇನ್ನೊಂದು ಸಾಲಿಗೆ ಬರೋ ಹಾಗೆ ಮೂರು ನಾಲ್ಕು ಸಲ. ಉಣ್ಣೆ ಪ್ಯಾಡ್ ಹೆಚ್ಚುಕಡಿಮೆ ಚಪ್ಪಟೆಯಾಗಿ ಕೂರಬೇಕು. ಒಣಗ್ತಿದೆ ಅನ್ನಿಸಿದ್ರೆ ಸ್ಪ್ರೇ ಬಾಟಲಿಯಿಂದ ಒಂದು ಚಿಮುಕು ನೀರು. ಮಧ್ಯೆ ಮಧ್ಯೆ ಕೈ ಹಿಂಭಾಗ ತಾಗಿಸಿ ನೋಡೋದು, ಬೆಚ್ಚಗಿದ್ರೆ ಸರಿ, ಕೈ ಇಡೋಕೆ ಆಗದಷ್ಟು ಬಿಸಿಯಾದ್ರೆ ತಪ್ಪು. ಎರಡು ಚೌಕಕ್ಕೊಮ್ಮೆ ಪ್ಯಾಡಿನ ಉಣ್ಣೆ ಕೆದರಿ ಬಿಡಿಸಬೇಕು, ಉಣ್ಣೆಗೆ ಕಾಂಪೌಂಡ್ ಮೆತ್ತಿ ಗಟ್ಟಿಯಾದ್ರೆ ಅದೇ ಗೀರು ಹಾಕೋಕೆ ಶುರು ಮಾಡುತ್ತೆ. ಜಾಸ್ತಿ ಕಾಂಪೌಂಡ್ ಹಾಕಿದ್ರೆ ಬೇಗ ಆಗುತ್ತೆ ಅಂದ್ಕೊಂಡಿದ್ದೆ, ಅದು ಸುಳ್ಳು, ಪ್ಯಾಡ್ ಜಾರುತ್ತೆ, ಗೋಡೆಗೆ ಮುಖಕ್ಕೆಲ್ಲ ಸಿಡಿಯುತ್ತೆ, ಕಡಿತ ಕಡಿಮೆ. ವೈರನ್ನ ಹೆಗಲ ಮೇಲಿಂದ ಹಿಂದಕ್ಕೆ ಹಾಕ್ಕೊಳ್ಳಿ, ಕೆಳಗೆ ಬಿಟ್ರೆ ಪ್ಯಾಡಿಗೆ ಸಿಕ್ಕಿಕೊಳ್ಳುತ್ತೆ.

ಎಡ ಬದಿ ಚೆನ್ನಾಗಿ ಬಂತು. ಬಲ ಬದಿಯ ಏಳನೇ ಚೌಕದಲ್ಲಿ, ಪಕ್ಕದ ಮೈಯಲ್ಲಿ ಉದ್ದಕ್ಕೆ ಒಂದು ಏಣು ಹೋಗುತ್ತಲ್ಲ, ನೀರು ಮೇಲಕ್ಕೆ ಚಿಮ್ಮದ ಹಾಗೆ ತಡೆಯೋದು, ಅದರ ಮೇಲೆ ಒಂದು ಮಂಕು ಗೆರೆ ಉಳಿದಿತ್ತು. ಪ್ಯಾಡನ್ನ ಓರೆ ಮಾಡಿ ಅಂಚಿಂದ ಅಲ್ಲೇ ಒತ್ತಿ ಹಿಡಿದೆ. ನಾಲ್ಕೈದು ಸೆಕೆಂಡ್ ಇರಬಹುದು. ತೆಗೆದು ನೋಡಿದ್ರೆ ನೀಲಿ ಹೋಗಿ ಹಸಿರು ಮಿಶ್ರಿತ ಹಳದಿ ಫೈಬರ್ ಕಾಣ್ತಿದೆ, ಉದ್ದ 4 ಸೆಂಟಿಮೀಟರ್, ಅಗಲ 6 ಮಿಲಿಮೀಟರ್. ಹೊಟ್ಟೆ ತೊಳಸಿದ ಹಾಗಾಯ್ತು, ಮಶಿನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಏಣಿನ ಮೇಲೆ ಜೆಲ್ ಕೋಟ್ ತೆಳು ಇರುತ್ತೆ, ಪ್ಯಾಡಿನ ಒತ್ತಡ ಪೂರ್ತಿ ಆ ಒಂದು ಗೆರೆ ಮೇಲೇ ಬೀಳುತ್ತೆ, ಎರಡೂ ಸೇರಿದ್ರೆ ಕ್ಷಣದಲ್ಲಿ ಸವೆದು ಹೋಗುತ್ತೆ. ಅವತ್ತಿಂದ ಎಲ್ಲ ಏಣು ಮೂಲೆಗೂ ಟೇಪ್ ಹಾಕಿಯೇ ಮಶಿನ್ ಹಿಡಿದಿದ್ದು, ಟೇಪ್ ಅಡಿಯಲ್ಲಿರೋ ಅಷ್ಟನ್ನ ಕೊನೆಗೆ ಕೈಯಲ್ಲೇ ಬಟ್ಟೆ ಸುತ್ತಿ ಉಜ್ಜಿದೆ. ಟೇಪ್ ಹಾಕೋಕೆ ಹಿಡಿದಿದ್ದು 20 ನಿಮಿಷ. ಆ ಸುಟ್ಟ ಗೆರೆ ಸರಿ ಮಾಡೋಕೆ ಎರಡು ದಿನ ಹಿಡೀತು.

6ನೇ ದಿನ (5 ಗಂಟೆ): ಜೆಲ್ ಕೋಟ್ ತೇಪೆ, ಕೆಟ್ಟದ್ದು

ಸುಟ್ಟ ಜಾಗ ಮತ್ತೆ ಸುತ್ತ ಒಂದು ಸೆಂಟಿಮೀಟರ್ 180ರಲ್ಲಿ ಒರಟು ಮಾಡಿ, ಅಸಿಟೋನ್ ಒರೆಸಿ, ಸುತ್ತ ಟೇಪ್. ಜೆಲ್ ಕೋಟ್‌ಗೆ ನೀಲಿ ಪಿಗ್ಮೆಂಟ್ ಪೇಸ್ಟ್, ಒಂದು ಚೂರು ಕಪ್ಪು ಕಲಸಿದೆ. ಇಲ್ಲಿ ಎರಡು ತಪ್ಪು ಒಟ್ಟಿಗೇ ಆಯ್ತು.

ಒಂದು, ಬಣ್ಣ ಹೊಂದಿಸಿದ್ದು ಇನ್ನೂ ಕಾಂಪೌಂಡ್ ಆಗದ ಎಂಟನೇ ಚೌಕದ ಪಕ್ಕ ಇಟ್ಟು ನೋಡಿ. ಆ ಚೌಕ ಪೇಪರ್ ಹೊಡೆದು ಮಬ್ಬಾಗಿತ್ತು, ಹಾಗಾಗಿ ನನ್ನ ಮಿಶ್ರಣ ಒಂದು ಛಾಯೆ ತಿಳಿಯಾಯ್ತು. ಪಾಲಿಶ್ ಆಗಿ ಹೊಳೀತಿರೋ ಭಾಗದ ಪಕ್ಕದಲ್ಲಿಟ್ಟು ಹೊಂದಿಸಬೇಕು, ಅದೇ ನಿಜವಾದ ಬಣ್ಣ.

ಎರಡು, ಹಾರ್ಡ್‌ನರ್, ಅಂದ್ರೆ ಜೆಲ್ ಕೋಟನ್ನ ಗಟ್ಟಿ ಮಾಡೋ ದ್ರವ. ನನ್ನದು ಆಕ್ಸಲರೇಟರ್ (ಗಟ್ಟಿಯಾಗೋದನ್ನ ಚುರುಕು ಮಾಡೋದು) ಮೊದಲೇ ಬೆರೆತ ಜೆಲ್ ಕೋಟ್, ಹಾರ್ಡ್‌ನರ್ ಒಂದು ಹಾಕಿದ್ರೆ ಸಾಕು. ಆ ಹಾರ್ಡ್‌ನರ್ ಹೆಸರು ಎಂಇಕೆಪಿ, 2 ಪರ್ಸೆಂಟ್ ಹಾಕಬೇಕಿತ್ತು. 10 ಗ್ರಾಂ ಜೆಲ್ ಕೋಟ್‌ಗೆ ಅದು ಬರೀ 0.2 ಗ್ರಾಂ. ಅಂದಾಜಲ್ಲಿ ಎರಡು ಹನಿ ಬಿಟ್ಟೆ. ಮೇಲೆ ಏನೂ ಮುಚ್ಚಲಿಲ್ಲ. ಮಾಮೂಲಿ ಜೆಲ್ ಕೋಟ್ ಗಾಳಿಗೆ ಬಿಟ್ರೆ ಮೇಲ್ಮೈ ಗಟ್ಟಿಯಾಗಲ್ಲ, ಅಂಟಂಟು ಉಳಿಯುತ್ತೆ. ಅಂಟು ಮೇಲಷ್ಟೇ ಅಂದ್ಕೊಂಡು ಸಂಜೆ ಉಗುರು ಒತ್ತಿದ್ರೆ ಉಗುರು ಒಳಗೇ ಹೋಯ್ತು, ಪೂರ್ತಿ ಬೆಲ್ಲದ ಪಾಕ. ಎಲ್ಲ ಕೆರೆದು ಅಸಿಟೋನಲ್ಲಿ ಒರೆಸಿ ಮನೆಗೆ ಹೋದೆ.

ಕೆಲವು ಕಡೆ ಆಕ್ಸಲರೇಟರ್ ಬೇರೆ ಡಬ್ಬಿಯಲ್ಲಿ ಬರುತ್ತೆ, ನೇರಳೆ ಬಣ್ಣದ ಕೋಬಾಲ್ಟ್. ಅದನ್ನೂ ಹಾರ್ಡ್‌ನರನ್ನೂ ಯಾವ ಕಾರಣಕ್ಕೂ ನೇರವಾಗಿ ಒಂದಕ್ಕೊಂದು ಸೇರಿಸಬೇಡಿ, ಬೆಂಕಿ ಹತ್ತುತ್ತೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನ ಜೆಲ್ ಕೋಟಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡ್‌ನರ್. ಎಂಇಕೆಪಿ ಕಣ್ಣಿಗೆ ಬಿದ್ರೆ ಕಣ್ಣು ಹೋಗಬಹುದು, ಎರಡು ಹನಿ ಕೆಲಸ ಆದ್ರೂ ಕನ್ನಡಕ ಹಾಕಿ.

ಉಳಿದ ಹೊತ್ತಲ್ಲಿ ಬಲ ಬದಿಯ ಎರಡು ಚೌಕ, ಹಿಂಬದಿ, ಮತ್ತೆ ಬಿಳಿ ಡೆಕ್ಕಿನ ನುಣುಪು ಭಾಗಕ್ಕೆಲ್ಲ ಕಾಂಪೌಂಡ್ ಮುಗಿಸಿದ್ವಿ. ಬಿಳಿಗೆ ವಾಟರ್ ಪೇಪರ್ ಬೇಕಾಗಲೇ ಇಲ್ಲ.

7ನೇ ದಿನ (3 ಗಂಟೆ): ತೇಪೆ ಎರಡನೇ ಸಲ

ಈ ಸಲ 20 ಗ್ರಾಂ ಕಲಸಿದೆ, ಬೇಕಾಗಿದ್ದು 3 ಗ್ರಾಂ ಇರಬಹುದು, ಆದ್ರೆ ಜಾಸ್ತಿ ಕಲಸಿದ್ರೆ ಹಾರ್ಡ್‌ನರ್ ಅಳತೆ ತಪ್ಪೋದು ಕಡಿಮೆ. ಸೂಜಿ ಇಲ್ಲದ ಸಣ್ಣ ಸಿರಿಂಜಲ್ಲಿ 0.35 ಎಂಎಲ್. ಎರಡು ನಿಮಿಷ ತಳ, ಅಂಚು ಎಲ್ಲ ಕೆರೆದು ಕಲಸಿದೆ. ಸುತ್ತಲಿನ ಮೈಗಿಂತ ಸ್ವಲ್ಪ ಉಬ್ಬಿರೋ ಹಾಗೆ ಹಚ್ಚಿ, ಮೇಲೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಗಾಳಿ ಗುಳ್ಳೆ ಹೊರಗೆ ತಳ್ಳಿ, ಸುತ್ತ ಟೇಪ್ ಹಾಕ್ದೆ. ಕಾಲು ಗಂಟೆಗೆ ಬಟ್ಟಲಲ್ಲಿ ಉಳಿದದ್ದು ಜೆಲ್ಲಿ ಆಯ್ತು, ನೋಡಿ ಖುಷಿ ಆಯ್ತು. ಬಟ್ಟಲನ್ನ ಎಸೀಬೇಡಿ, ತೇಪೆ ಎಷ್ಟು ಗಟ್ಟಿಯಾಗಿದೆ ಅಂತ ಅದನ್ನ ನೋಡೇ ಹೇಳಬಹುದು.

ರಾತ್ರಿ ಪೂರ್ತಿ ಬಿಟ್ಟು, ಮಾರನೇ ದಿನ ಹಾಳೆ ಕಿತ್ತೆ. ಗಾಜಿನ ಹಾಗೆ ಗಟ್ಟಿ. ಸಣ್ಣ ಮರದ ತುಂಡಿಗೆ ಪೇಪರ್ ಸುತ್ತಿ 400, 600, 800, 1000, 1500, ಪಕ್ಕದ ಮೈಗೆ ತಾಗದ ಹಾಗೆ ಟೇಪ್ ಹಾಕ್ಕೊಂಡು. ಎರಡು ಮೀಟರ್ ದೂರದಿಂದ ಕಾಣಲ್ಲ. ಹತ್ತಿರ ಬಂದು ಹುಡುಕಿದ್ರೆ ಅಂಚು ಗೊತ್ತಾಗುತ್ತೆ, ಬಣ್ಣ ಕೂದಲೆಳೆಯಷ್ಟು ಕಡು. ಹಾಗೇ ಬಿಟ್ಟಿದೀನಿ.

8ನೇ ದಿನ (5 ಗಂಟೆ): ಪಾಲಿಶ್

ಬೋಟನ್ನ ಬಿಸಿಲಿಗೆ ಎಳೆದು ನೋಡಿದಾಗ ನೀಲಿ ಮೇಲೆ ಸುರುಳಿ ಸುರುಳಿ ಗುರುತು, ಉಣ್ಣೆ ಪ್ಯಾಡ್ ಬಿಟ್ಟ ದಾರಿ. ನೆರಳಲ್ಲಿ ಕಾಣಿಸ್ತಾನೇ ಇರಲಿಲ್ಲ. ಮತ್ತೆ ನೆರಳಿಗೆ ತಂದು, ಡ್ಯುಯಲ್ ಆಕ್ಷನ್ ಮಶಿನ್, ಫೋಮ್ ಪ್ಯಾಡ್, ನಯವಾದ ಪಾಲಿಶ್. ಈ ಮಶಿನ್ ರೋಟರಿ ಥರ ಒಂದೇ ಸಮ ತಿರುಗಲ್ಲ, ಅಲ್ಲಾಡ್ತಾ ತಿರುಗುತ್ತೆ, ಸುಡೋ ಭಯ ಕಡಿಮೆ, ಸುರುಳಿ ಬೀಳಲ್ಲ. ಕಡಿತವೂ ಕಡಿಮೆ, ಹಾಗಾಗಿ ಕಾಂಪೌಂಡ್ ಹಂತಕ್ಕೆ ಇದನ್ನ ನಂಬಿದ್ರೆ ದಿನಗಟ್ಟಲೆ ಆಗುತ್ತೆ. ಚೌಕಕ್ಕೆ ಹತ್ತು ನಿಮಿಷ. ಆಲ್ಕೊಹಾಲ್ ಒರೆಸಿ, ಬಿಸಿಲಿಗೆ ತಂದು ನೋಡಿ, ಮೂರು ಚೌಕ ಮತ್ತೆ ಮಾಡಿದ್ವಿ.

ಒಂದು ಹನಿ ವ್ಯಾಕ್ಸ್ ಇನ್ನೂ ಹಾಕಿಲ್ಲ, ಆಗ್ಲೇ ಮೈಯಲ್ಲಿ ನನ್ನ ಮುಖದ ಹುಬ್ಬು ಎಣಿಸಬಹುದಿತ್ತು. ಬಾಮೈದ ಫೋನ್ ಹಿಡಿದು ಅದರ ಮೇಲಿನ ಅಕ್ಷರ ಬೋಟಿನ ಮೈಯಲ್ಲಿ ತಿರುಗುಮುರುಗಾಗಿ ಓದಿದ. ಹೋದ ವರ್ಷ ವ್ಯಾಕ್ಸ್ ಡಬ್ಬಿಯಿಂದ ಬರುತ್ತೆ ಅಂತ ಕಾಯ್ತಿದ್ದ ಹೊಳಪು ಇದೇ.

9ನೇ ದಿನ (4 ಗಂಟೆ): ವ್ಯಾಕ್ಸ್

ಕಾರ್ನೌಬಾ (ಒಂದು ಜಾತಿ ತಾಳೆ ಎಲೆಯ ಮೇಣ) ಬೆರೆತ ಪೇಸ್ಟ್ ವ್ಯಾಕ್ಸ್ ತಗೊಂಡೆ. ಪಾಲಿಮರ್ ಸೀಲಂಟು ಇನ್ನೂ ಹೆಚ್ಚು ದಿನ ಬಾಳುತ್ತೆ, ಸೆರಾಮಿಕ್ ಇನ್ನೂ ಹೆಚ್ಚು, ಆದ್ರೆ ಸೆರಾಮಿಕ್ ಒಮ್ಮೆ ಗಟ್ಟಿಯಾದ್ರೆ ತಪ್ಪಾದ ಕಡೆ ಮತ್ತೆ ಉಜ್ಜಿಯೇ ತೆಗೀಬೇಕು. ನನ್ನ ಕೈ ಇನ್ನೂ ಕಲಿಯೋ ಕೈ, ಒರೆಸಿ ತೆಗೆದು ಮತ್ತೆ ಹಾಕೋಕೆ ಬರೋದೇ ಸರಿ ಅಂತ ಪೇಸ್ಟ್ ಆರಿಸಿದ್ದು.

ಫೋಮ್ ತುಂಡಲ್ಲಿ ಆದಷ್ಟು ತೆಳ್ಳಗೆ, ಎರಡು ಚೌಕಕ್ಕೆ ಒಮ್ಮೆ. ಹತ್ತು ನಿಮಿಷಕ್ಕೆ ಮಂಜು ಹಿಡಿದ ಹಾಗೆ ಆಗುತ್ತೆ, ಬೆರಳಲ್ಲಿ ಒಂದು ಗೀಟು ಎಳೆದ್ರೆ ಸ್ವಚ್ಛವಾಗಿ ಬರಬೇಕು, ಮೆತ್ತಿಕೊಂಡ್ರೆ ಇನ್ನೂ ಕಾಯಬೇಕು. ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಇನ್ನೊಂದು ಶುದ್ಧ ಬಟ್ಟೆಯಲ್ಲಿ ಮತ್ತೊಮ್ಮೆ.

ಎಡ ಬದಿ ಸಲೀಸಾಗಿ ಆಯ್ತು. ಬಲ ಬದಿಯ ಕೊನೆ ಭಾಗಕ್ಕೆ ಬರೋ ಹೊತ್ತಿಗೆ ಬಿಸಿಲು ಅಲ್ಲಿಗೆ ಬಂದಿತ್ತು, ಇನ್ನು ನಾಲ್ಕೇ ಚೌಕ ಅಲ್ವಾ ಅಂತ ಬೋಟು ಸರಿಸದೆ ಹಾಕ್ದೆ. ಮೈ ಬಿಸಿ ಇತ್ತು, ವ್ಯಾಕ್ಸ್ ಒಣಗಿ ಕಲ್ಲಾಯ್ತು, ಬಟ್ಟೆ ಎಳೆದ್ರೆ ಕೈ ನೋಯುತ್ತೆ ಹೊರತು ಬರಲ್ಲ. ಗಟ್ಟಿಯಾಗಿ ಉಜ್ಜೋಕೆ ಹೋಗದೆ, ನೆರಳಿಗೆ ತಂದು ತಣ್ಣಗಾಗೋಕೆ ಬಿಟ್ಟು, ಅದರ ಮೇಲೆ ಹಸಿ ವ್ಯಾಕ್ಸ್ ಮತ್ತೆ ಹಚ್ಚಿ ತಕ್ಷಣ ಒರೆಸಿದೆ. ಹಳೇದು ಹೊಸದರ ಜೊತೆ ಮೆತ್ತಗಾಗಿ ಬಂತು. ಸಂಜೆ ಎರಡನೇ ಕೋಟ್. ಅದು ಜಾಸ್ತಿ ಹೊಳಪಿಗೆ ಅಲ್ಲ, ಮೊದಲ ಸಲ ತಪ್ಪಿದ ಜಾಗ ಮುಚ್ಚೋಕೆ.

ಡೆಕ್ಕಿನ ಒರಟು ಭಾಗಕ್ಕೆ ವ್ಯಾಕ್ಸ್ ಹಾಕಲೇಬಾರದು. ಒದ್ದೆ ಕಾಲಿಟ್ಟವರು ಜಾರಿ ಬೀಳ್ತಾರೆ. ಅಲ್ಲಿ ಬರೀ ತೊಳೆದು ಬ್ರಷ್ ಹಾಕಿದ್ದು ಅಷ್ಟೇ. ಬೋಟನ್ನ ನೀರಲ್ಲೇ ಇಡೋರು ನೀರಿನ ಕೆಳಗಿನ ಬಣ್ಣ ಹೊಡೆಯೋ ಜಾಗಕ್ಕೂ ವ್ಯಾಕ್ಸ್ ತಾಗಿಸಬೇಡಿ, ಬಣ್ಣ ಹಿಡಿಯಲ್ಲ.

ಖರ್ಚಾದ ಸಾಮಾನು

ಒಟ್ಟು 44 ಗಂಟೆ. 800ರ ವಾಟರ್ ಪೇಪರ್ 12 ಹಾಳೆ, 1000 ಮತ್ತೆ 1500 ಹತ್ತತ್ತು. ಕಾಂಪೌಂಡ್ 700 ಎಂಎಲ್, ಪಾಲಿಶ್ 400, ಅಸಿಟೋನ್ ಒಂದೂವರೆ ಲೀಟರ್. ಉಣ್ಣೆ ಪ್ಯಾಡ್ ಎರಡು, ಒಂದು ತೊಳೀತಿರುವಾಗ ಇನ್ನೊಂದು. ಫೋಮ್ ಪ್ಯಾಡ್ ಎರಡು. ಮೈಕ್ರೋಫೈಬರ್ ಒಂದು ಡಜನ್, ಕೆಳಗೆ ಬಿದ್ದ ಬಟ್ಟೆಯನ್ನ ಮತ್ತೆ ಮೈಗೆ ತಾಗಿಸಲಿಲ್ಲ. ವ್ಯಾಕ್ಸ್ ಡಬ್ಬಿಯಲ್ಲಿ ಕಾಲು ಭಾಗವೂ ಖರ್ಚಾಗಿಲ್ಲ. ಮಾಸ್ಕ್ ಮಾತ್ರ ಬಟ್ಟೆದು ಸಾಲಲ್ಲ, ಕಾಂಪೌಂಡ್ ಒಣಗಿದ ಪುಡಿ ಮೂಗಿಗೆ ಹೋಗುತ್ತೆ, ಜೆಲ್ ಕೋಟ್ ಕಲಸುವಾಗ ಸ್ಟೈರೀನ್ ವಾಸನೆಗೆ ಕಾರ್ಟ್ರಿಜ್ ಇರೋದೇ ಬೇಕು.

ಹತ್ತು ವಾರ ಆದ ಮೇಲೆ

ಪ್ರತಿ ಸಲ ನೀರಿಂದ ತೆಗೆದ ಮೇಲೆ ಬರೀ ಸಿಹಿನೀರಲ್ಲಿ ತೊಳೆದು ಒರೆಸ್ತೀವಿ, ಎರಡು ವಾರಕ್ಕೊಮ್ಮೆ ಶಾಂಪೂ. ಪಾತ್ರೆ ತೊಳೆಯೋ ಸೋಪು, ಅಮೋನಿಯಾ ಇರೋ ಕ್ಲೀನರ್ ಮುಟ್ಟಿಸಿಲ್ಲ, ಅವು ವ್ಯಾಕ್ಸನ್ನೇ ತೊಳೆದು ಬಿಡ್ತವೆ. ಕಪ್ಪು ಬಟ್ಟೆಯಲ್ಲಿ ಎಲ್ಲ ಚೌಕ ಉಜ್ಜಿ ನೋಡ್ದೆ, ಒಂದರಲ್ಲೂ ಪುಡಿ ಬರ್ಲಿಲ್ಲ. ಎಡ ಬದಿಯಲ್ಲಿ ನೀರು ಇನ್ನೂ ಗುಂಡಗೆ ಹನಿಗಟ್ಟುತ್ತೆ. ಬಲ ಬದಿಗೆ ಮಧ್ಯಾಹ್ನದ ಬಿಸಿಲು ಬೀಳೋದ್ರಿಂದ ಅಲ್ಲಿ ಹನಿ ಚಪ್ಪಟೆ ಆಗ್ತಾ ಇದೆ, ಹೊಳಪು ಹಾಗೇ ಇದೆ, ವ್ಯಾಕ್ಸ್ ಮಾತ್ರ ಮುಗೀತಾ ಬಂದಿದೆ.

ಒಂದು ಕಡೆ ಮಾತ್ರ ಬೇಜಾರಾಯ್ತು. ಹೊದಿಕೆ ಕಟ್ಟೋ ಬೆಲ್ಟು ಎಡ ಬದಿಯ ಎರಡನೇ ಚೌಕದ ಮೇಲೆ ಹಾದು ಹೋಗುತ್ತೆ, ಗಾಳಿಗೆ ಪಟಪಟ ಹೊಡೆದು ಅಂಗೈ ಅಗಲ ಮಬ್ಬು ಮಾಡಿದೆ. ಬಿಸಿಲಿಗೆ ಅಂತ ಹೊದಿಸಿದ ಹೊದಿಕೆಯೇ ಉಜ್ಜಿ ಹಾಕಿದೆ. ಈಗ ಬೆಲ್ಟ್ ಅಡಿಗೆ ಹಳೇ ಟವಲ್ ಮಡಿಸಿ ಕೊಟ್ಟು ಬಿಗಿಯಾಗಿ ಕಟ್ಟಿದೀನಿ, ಅಲ್ಲಾಡಲ್ಲ. ಭಾನುವಾರ ಆ ಜಾಗಕ್ಕೆ ಕೈಯಲ್ಲೇ ಪಾಲಿಶ್, ಬಲ ಬದಿ ಪೂರ್ತಿಗೆ ಒಂದು ಕೋಟ್ ವ್ಯಾಕ್ಸ್, ಬೆಳಿಗ್ಗೆ ಬಿಸಿಲು ಬರೋ ಮುಂಚೆ.